ಹಗೇವಿನಲ್ಲಿ ಒಬ್ಬರಿಗಷ್ಟೇ ಜಾಗ

ಚಿಗಳ್ಳಿಯ ರಸ್ತೆಯಲ್ಲಿ ಎದ್ದ ಧೂಳೇ ಎಲ್ಲದಕ್ಕೂ ಮೂಲ.

"ಜೀಪ ಬಂತ್ರೋ! ಆಪರೇಶನ್ ಮಾಡವ್ರು ಬಂದ್ರೋ!"

ಎಪ್ಪತ್ತಾರನೇ ಇಸವಿ. ಮದುವೆಯಾಗಿದೆಯೋ ಇಲ್ಲವೋ ಕೇಳದೆ ಕಂಡ ಗಂಡಸನ್ನೆಲ್ಲ ಹಿಡಿದೊಯ್ದು ಮಕ್ಕಳಾಗದ ಹಾಗೆ ಮಾಡುತ್ತಾರೆಂದು ಸುದ್ದಿ. ಗಿಡುಗ ಕಂಡ ಕೋಳಿಮರಿಗಳಂತೆ ಗಂಡಸರು ಚದುರಿದರು.

ಉಳವಪ್ಪ ಹೊಸ ಲೋಟ ತೊಳೆಯುತ್ತಿದ್ದ. ನಲವತ್ತು ದಾಟಿದರೂ ಒಂಟಿ. ಮನೆಯಲ್ಲಿ ಇದುವರೆಗೆ ಇದ್ದದ್ದು ಒಂದು ತಾಟು, ಒಂದು ಲೋಟ, ಒಂದು ಚಾಪೆ. ಅಂದು ಸಂಜೆಯ ಬಸ್ಸಿಗೆ ಹಳಿಯಾಳದಿಂದ ಹೆಣ್ಣಿನ ಕಡೆಯವರು ಅವನನ್ನು ನೋಡಲು ಬರುವವರಿದ್ದರು. ಇವತ್ತೇ ಸಿಕ್ಕಿಬಿದ್ದರೆ ಮುಗಿಯಿತು. ಬೀಗ ಜಡಿದು ಓಡಿದ.

ಚನಬಸಪ್ಪನ ಬಣವೆಯಿಂದ ಆಗಲೇ ಆರು ಕಾಲು ಹೊರಗೆ ಚಾಚಿದ್ದವು. ಉಳವಪ್ಪ ತಲೆ ತೂರಿಸಿದ. ಒಂದು ಕಾಲು ಒದ್ದು ದಬ್ಬಿತು.

"ಹೆಂಡ್ತಿಲ್ಲ, ಮಕ್ಕಳಿಲ್ಲ, ನಿನಗ್ಯಾಕಲೇ ಜಾಗಾ?" ಹುಲ್ಲಿನೊಳಗಿಂದ ಚನಬಸಪ್ಪ ಬೈದ.

"ಇನ್ನ ಆಗಬೇಕಾಗೈತ್ಯೋ ಅಣ್ಣಾ!"

"ಆದಮ್ಯಾಲ ಬಾ!"

ಶಂಕ್ರವ್ವನ ಅಟ್ಟದ ಮೇಲೆ ಅವಳ ಗಂಡ, ಮೈದುನರು, ಕುಂಬಳಕಾಯಿ ಎಲ್ಲ ಕಿಕ್ಕಿರಿದಿದ್ದವು.

"ಅಕ್ಕಾ, ಎರಡ ಕುಂಬಳಕಾಯಿ ಇಳಿಸ್ರಿ, ನಾ ಹತ್ತತೇನಿ."

"ಕುಂಬಳಕಾಯಿ ಪಲ್ಯಾಕ್ಕರ ಬರ್ತಾವ. ನೀ ಯಾತಕ್ಕ ಬರ್ತಿ?" ಶಂಕ್ರವ್ವ ಏಣಿ ತೆಗೆದಳು.

ಒದೆಗಿಂತ ಈ ಮಾತು ಜೋರಾಗಿ ಬಿತ್ತು.

ಉಳಿದದ್ದು ಹಿತ್ತಲ ಹಗೇವು, ಕಾಳು ತುಂಬುವ ನೆಲದ ಗುಂಡಿ. ಅದರಲ್ಲಿ ಹೆಂಡತಿ ಸತ್ತ ಈಶಪ್ಪ ಜೋಳದ ಚೀಲದಂತೆ ಕುಳಿತಿದ್ದ.

"ಏಳಲೇ ಈಶ್ಯಾ! ನಿಂದ ಒಮ್ಮೆ ಆಗಿ ಹೋಗೈತಿ. ನಂದ ಇನ್ನ ಚಾಲೂನ ಆಗಿಲ್ಲ!"

"ಮೊದಲ ಬಂದಾಂವ ನಾನಪಾ..."

ಬೇರೆ ದಿನ ಇರುವೆಗೂ ದಾರಿ ಬಿಡುವ ಉಳವಪ್ಪ ಅವನ ರಟ್ಟೆ ಹಿಡಿದು ಹೊರಗೆಳೆದು, ತಾನಿಳಿದು, ಗಾಳಿಗೆ ಬೆರಳಷ್ಟು ಸಂದು ಬಿಟ್ಟು ಕಲ್ಲು ಮುಚ್ಚಿಕೊಂಡ. ಜೀಪು ನಿಂತ ಸದ್ದು. "ಇಲ್ಲೊಬ್ಬ ಅದಾನ ನೋಡ್ರಿ!" ಎಂದು ಯಾರೋ ಕೂಗಿದ್ದು ಕೇಳಿಸಿತು. ಪಾಪ ಅನಿಸಿತು. ಮೇಲೆ ಮಾತ್ರ ಬರಲಿಲ್ಲ. ಬರುವವಳ ಜೊತೆ ಏನು ಮಾತಾಡಬೇಕೆಂದು ಕತ್ತಲಲ್ಲಿ ಕುಳಿತು ಯೋಚಿಸಿದ. ಎರಡು ಮಾತಿನ ಮುಂದೆ ಹೊಳೆಯಲಿಲ್ಲ.

ಜೀಪು ಹೋದ ಮೇಲೆ ಹತ್ತಿ ಬಂದರೆ ಈಶಪ್ಪ ಹಲ್ಲು ಕಿರಿಯುತ್ತ ನಿಂತಿದ್ದ. ಮೀಸೆಯ ತುಂಬ ಸಕ್ಕರೆ.

"ಬಿಟ್ರೇನೋ?"

"ಆಪರೇಶನ್ನವ್ರಲ್ಲೋ, ಹಳಿಯಾಳದ ಹೆಣ್ಣಿನ ಮಂದಿ! ಬಸ್ಸ ಕೆಟ್ಟಿತ್ತಂತ, ಯಾರದೋ ಜೀಪಿನ್ಯಾಗ ಲಗೂನ ಬಂದ್ರು. ನಿನ್ನ ಮನಿಗಿ ಬೀಗ. ನಾ ಅಂಜಿ ಕಾಲ ಬರದ ನಿಂತಿದ್ದೆ. 'ಊರಾಗ ಇವನೊಬ್ಬನ ಎದಿಗಾರ' ಅಂತ ಹುಡುಗಿ ನನಗ ಗೊತ್ತ ಮಾಡಿ, ಬಾಯಿಗಿ ಸಕ್ರಿ ಹಾಕೇ ಹೋದ್ರು!"

ಉಳವಪ್ಪ ತಲೆಯ ಹೊಟ್ಟು ಕೊಡವುತ್ತ ನಿಂತ.

"ನಾಳೆ ಹೆಂಗಸರೂ ಬರ್ತಾರಂತ," ಈಶಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ನಿನ್ನ ಆ ಹೊಸಾ ಲೋಟಾ ಕೊಡಪಾ. ನಿನಗ ಒಂದ ಸಾಕಲ್ಲ?"