ತಲೆಗೆ ಮುನ್ನೂರು

ಬೆಂಗೇರಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಫಕೀರಪ್ಪ ಗಾಬರಿಯ ಮನುಷ್ಯ. ಹನ್ನೊಂದಕ್ಕೆ ಬನ್ನಿ ಎಂದಿದ್ದ ಕಡೆಗೆ ಹತ್ತಕ್ಕೇ ಹೋಗಿ ಕುಳಿತ. ಎಲ್ಲ ತಾಪತ್ರಯ ಶುರುವಾದದ್ದು ಅಲ್ಲಿಂದಲೇ.

ಅದು ಕೇಶ್ವಾಪುರದ ಹೊಸ ಎ.ಸಿ. ಹೋಟೆಲು. ಮಗಳು ರಾಜೇಶ್ವರಿಯ ಸಂಬಂಧದ ಮಾತಿಗೆ ಹುಡುಗನ ತಂದೆ, ಧಾರವಾಡದ ಹತ್ತಿ ವ್ಯಾಪಾರಿ ಶಿವಯೋಗೀಶಪ್ಪನವರು ಬರುವವರಿದ್ದರು. ಈವರೆಗೆ ಫೋನಿನಲ್ಲಷ್ಟೇ ಮಾತು, ಮುಖ ಕಂಡಿರಲಿಲ್ಲ. ಕರೆಯದಿದ್ದರೂ ನೆರೆಮನೆಯ ಗುಲಾಬಸಾಬ ಜೊತೆಗೆ ಹೊರಟುಬಂದಿದ್ದ.

"ಒಬ್ಬರ ಹೋಗಿ ಏನರ ಮಾತಾಡಿ ಕೆಡಸ್ತೀರಿ. ನಾ ಇರ್ತೇನಿ ಬರ್ರಿ."

ಬೆನ್ನು ಕುರ್ಚಿಗೆ ತಾಗುವ ಮೊದಲೇ ಸಪ್ಲಾಯರ್ ಗೋಡೆಯ ಫಲಕ ತೋರಿಸಿದ. ಕುಳಿತವರು ತಲೆಗೆ ಕನಿಷ್ಠ ಮುನ್ನೂರು ರೂಪಾಯಿಯದ್ದು ತಿನ್ನಬೇಕು. ಒಬ್ಬರು ತರಿಸಿದ್ದನ್ನು ಇನ್ನೊಬ್ಬರು ತಿನ್ನುವಂತಿಲ್ಲ. ಪಾರ್ಸೆಲ್ ಲೆಕ್ಕಕ್ಕಿಲ್ಲ. ತಾಟಿನಲ್ಲಿ ಉಳಿಸಿದರೆ ಇನ್ನೂರು ದಂಡ.

"ಒಂದ ಚಾ ಕುಡದು ಕುಂಡ್ರಾಕ ಬರೂದಿಲ್ಲೇನಪಾ?" ಎಂದು ಫಕೀರಪ್ಪ ಕೇಳಿದ.

"ಕುಡೀರಿ. ಉಳದ ಎರಡನೂರಾ ಎಪ್ಪತ್ತರದು ತಿನ್ರಿ."

ಗುಲಾಬಸಾಬ ತನ್ನ ಮುನ್ನೂರನ್ನು ಅರ್ಧ ತಾಸಿನಲ್ಲಿ ಮುಗಿಸಿ ತೇಗಿದ. ಫಕೀರಪ್ಪ ಮನೆಯಲ್ಲಿ ಮೂರು ರೊಟ್ಟಿ ತಿಂದು ಬಂದವನು. ತುಂಬಿದ ಗಾದಿಗೆ ಮತ್ತೆ ಅರಳೆ ತುರುಕಿದಂತೆ ಇಡ್ಲಿ, ಪೂರಿ, ಮಸಾಲೆ ದೋಸೆಗಳನ್ನು ತುರುಕಿಕೊಂಡ. ಕೊನೆಯ ಎರಡು ವಡೆ ಮಾತ್ರ ಗಂಟಲಿಗೆ ಇಳಿಯಲೊಲ್ಲವು.

"ಹಿಂದಿನ ಟೇಬಲ್ಲಿಗೆ ಸರಸ್ರಿ," ಎಂದು ಗುಲಾಬಸಾಬ ಪಿಸುಗುಟ್ಟಿದ. "ಅಲ್ಲಿ ಕುಂತ ಮನಷ್ಯಾ ಕೈ ತೊಳಿಯಾಕ ಹೋಗ್ಯಾನ. ಯಾರ ನೋಡತಾರ?"

ಫಕೀರಪ್ಪ ದೇವರನ್ನು ನೆನೆದು ತಾಟು ಸರಿಸಿದ. ಸ್ವಲ್ಪ ಹೊತ್ತಿಗೇ ಹಿಂದೆ ಜಗಳ.

"ನಾ ವಡಾ ತರಿಸೇ ಇಲ್ಲ!"

"ತಾಟು ನಿಮ್ಮ ಮುಂದನ ಐತೆಲ್ರಿ. ಇನ್ನೂರು ಕೊಡ್ರಿ."

ಬಿಳಿ ಜುಬ್ಬಾದ ಆ ಮನುಷ್ಯ ಕೆಂಡಾಮಂಡಲವಾಗಿ ಯಾರಿಗೋ ಫೋನು ಹಚ್ಚಿದ. ಫಕೀರಪ್ಪನ ಕಿಸೆ ಒದರಿತು.

"ಫಕೀರಪ್ಪನವರ, ಎಲ್ಲಿದ್ದೀರಿ? ಲಗೂ ಬರ್ರಿ, ಇಲ್ಲಿ ಬರೇ ಕಳ್ಳರದಾರ!"

ಮಾತು ಫೋನಿನಲ್ಲೂ ಕೇಳಿಸಿತು, ಬೆನ್ನ ಹಿಂದೆಯೂ ಕೇಳಿಸಿತು. ಫಕೀರಪ್ಪ ಎದ್ದು, ತಿರುಗಿ, ಕೈಮುಗಿದ. ಅಷ್ಟರಲ್ಲಿ ಮ್ಯಾನೇಜರ್ ಓಡಿಬಂದ.

"ಜಗಳ ಯಾಕ್ರಿ? ಕ್ಯಾಮೆರಾ ಐತಿ, ನೋಡೇಬಿಡೂಣು."

ಗುಲಾಬಸಾಬನಿಗೆ ಎಲ್ಲಿಯದೋ ಅರ್ಜೆಂಟ್ ಕೆಲಸ ನೆನಪಾಯಿತು. ಬಾಗಿಲು ಅಲುಗಾಡಿದ್ದಷ್ಟೇ ಕಂಡಿತು.

ಫಕೀರಪ್ಪನಿಗೆ ಮುಂಜಾನೆ ಅಂಗಿಗೆ ಇಸ್ತ್ರಿ ಮಾಡಿಕೊಟ್ಟ ಮಗಳ ಮುಖ ಕಣ್ಣೆದುರು ಬಂತು. ಇನ್ನೂರರ ನೋಟು ತೆಗೆದು ಟೇಬಲ್ಲಿನ ಮೇಲಿಟ್ಟ.

"ಕ್ಯಾಮೆರಾ ಬ್ಯಾಡ್ರಿ. ವಡಾ ನಂದು. ತಿನ್ನಾಕ ಆಗಲಿಲ್ಲ, ಸರಿಸಿದೆ. ತಪ್ಪಾತ್ರಿ."

ಶಿವಯೋಗೀಶಪ್ಪನವರು ನೋಟನ್ನೂ ವಡೆಯನ್ನೂ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಖರೇ ಹೇಳೋ ಬೀಗರು ಈಗ ಎಲ್ಲಿ ಸಿಗತಾರ್ರಿ? ಸಂಬಂಧ ಪಕ್ಕಾ!"

ಫಕೀರಪ್ಪನ ಕಣ್ಣು ತುಂಬಿದವು. ಬೆಳಗಿನಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು.

"ಆದ್ರ ಒಂದ ಮಾತು," ಬೀಗರು ಅವನ ಹೆಗಲ ಮೇಲೆ ಕೈಹಾಕಿದರು. "ಬೈದ್ನಿ ಖರೇ, ಇಲ್ಲಿ ರುಚಿ ಭಾಳ ಛಲೋ ಐತ್ರಿ. ಮದಿವಿ ಊಟ ನೀವು ಇಲ್ಲೇ ಮಾಡಸಬೇಕು."

ಮ್ಯಾನೇಜರ್ ಖುಷಿಯಿಂದ ಪೆನ್ನು ತೆಗೆದ.

"ಮ್ಯಾಲ ಹಾಲ್ ಐತ್ರಿ ಯಜಮಾನ್ರ. ಮದಿವಿಗೆ ಕನಿಷ್ಠ ಸಾವಿರ ತಲಿ. ಮಂದಿ ಬಂದ್ರೂ ಅಷ್ಟ, ಬರದಿದ್ರೂ ಅಷ್ಟ!"