ಗೋಲ್‌ಕೀಪರನ್ನು ಬಿಟ್ಟುಕೊಟ್ಟ ಮ್ಯಾನೇಜರು

ಹಾಕಿ ತಂಡ ಕಟ್ಟುವ ವಿದ್ಯೆ ಈ ಭೂಮಂಡಲದಲ್ಲಿ ನನ್ನೊಬ್ಬನಿಗೇ ಸಿದ್ಧಿಸಿದೆ ಎಂದು ನಾನು ಬಹುಕಾಲ ನಂಬಿದ್ದೆ. ನಮ್ಮೂರ ಕ್ಲಬ್ಬಿನ ಜನರಲ್ ಮ್ಯಾನೇಜರಿಗಂತೂ ಅದರ ಗಾಳಿಯೂ ಸೋಕಿಲ್ಲ! ದಿನಾ ಬೆಳಿಗ್ಗೆ ಪತ್ರಿಕೆಯ ಕ್ರೀಡಾಪುಟ ಹಿಡಿದು ಆ ಮಹಾನುಭಾವನನ್ನು ಹಿಂಡಿ ಹಿಪ್ಪೆ ಮಾಡದೆ ನನಗೆ ಕಾಫಿ ಇಳಿಯುತ್ತಿರಲಿಲ್ಲ.

“ನೋಡೇ ಇವನ ಬುದ್ಧೀನ! ಆ ಮುದಿ ಗೋಲ್‌ಕೀಪರನ್ನ ಇನ್ನೊಂದು ವರ್ಷ ಇಟ್ಕೊಂಡಿದಾನೆ. ಅವನನ್ನ ಕೊಟ್ಟು ಒಬ್ಬ ಒಳ್ಳೇ ಫಾರ್ವರ್ಡ್ ತರಬಾರದಾ? ಟೀಮ್ ಕಟ್ಟೋನಿಗೆ ಎದೆ ಕಲ್ಲಾಗಿರಬೇಕು!”

“ತಲೆ ಕಲ್ಲಾಗಿದ್ರೆ ಸಾಲದಾ?” ಎಂದಳು ನನ್ನ ಹೆಂಡತಿ, ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತ.

ಆ ಮಂಡಿನೋವು ಹಾಕಿಯದೇ. ನಾವಿಬ್ಬರೂ ಗಾಜಿನ ಬಾಟಲಿ ಕಾರ್ಖಾನೆಯವರು. ಕುಲುಮೆ ಆರುವಂತಿಲ್ಲವಾದ್ದರಿಂದ ಹಗಲು ಪಾಳಿ, ರಾತ್ರಿ ಪಾಳಿ. ಪಾಳಿಗೊಂದು ಹಾಕಿ ತಂಡ, ಗಂಡಸರು ಹೆಂಗಸರು ಎಲ್ಲ ಕೂಡಿ. ನಾನು ಉಗ್ರಾಣದಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಕೂರುವವನು. ಅವಳು ಬೆಲ್ಟಿನ ಮುಂದೆ ನಿಂತು, ಸಾಲಾಗಿ ಓಡಿಬರುವ ಬಾಟಲಿಗಳಲ್ಲಿ ಬಿರುಕು ಬಿಟ್ಟದ್ದನ್ನು ರೆಪ್ಪೆ ಬಡಿಯುವುದರೊಳಗೆ ಎತ್ತಿ ಹಾಕುವವಳು. ಬಾಟಲಿಯೇ ತಪ್ಪಿಸಿಕೊಳ್ಳದ ಕಣ್ಣಿನಿಂದ ಚೆಂಡು ತಪ್ಪಿಸಿಕೊಂಡೀತೇ? ಹಗಲು ತಂಡದ ಗೋಲ್‌ಕೀಪರ್ ಅವಳೇ.

ತಂಡದ ಮ್ಯಾನೇಜರಾಗಿದ್ದ ಫಿಟ್ಟರು ನಿವೃತ್ತನಾದಾಗ ಎಲ್ಲರೂ ನನ್ನ ಕಡೆ ತಿರುಗಿದರು. “ಇಷ್ಟು ಮಾತಾಡ್ತೀರಲ್ಲ, ನೀವೇ ಮಾಡಿ ತೋರ್ಸಿ!” ಅದು ಕುಹಕವೆಂದು ನನಗೆ ಹೊಳೆಯಲೇ ಇಲ್ಲ. ಪಟ್ಟಾಭಿಷೇಕವೆಂದೇ ತಿಳಿದೆ!

ಪಂದ್ಯಕ್ಕೆ ಮೊದಲು ಎರಡು ತಂಡಗಳೂ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ರಾತ್ರಿ ತಂಡದಲ್ಲೊಬ್ಬ ಲೋಡರ್ ಇದ್ದ. ಫಾರ್ವರ್ಡ್ ಆಟದಿಂದಾಗಿ ಎಲ್ಲರ ಬಾಯಲ್ಲೂ ಅವನು ‘ಬಿರುಗಾಳಿ’. ಅವನ ಮೇಲೆ ನನ್ನ ಕಣ್ಣು ಬಿತ್ತು. ಅವರ ಮ್ಯಾನೇಜರ್, ಕುಲುಮೆ ಮೇಸ್ತ್ರಿ, ಕೇಳಿದ್ದು ಒಂದನ್ನೇ: ನಮ್ಮ ಗೋಲ್‌ಕೀಪರ್. ಎದೆಯನ್ನು ಕಲ್ಲು ಮಾಡಿಕೊಂಡೆ. ರುಜು ಹಾಕಿದೆ. ಸಂಜೆ ಮನೆಯಲ್ಲಿ ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ.

“ತಂಡದ ಹಿತದೃಷ್ಟಿಯಿಂದ ನಿನ್ನನ್ನು ಬಿಟ್ಟುಕೊಟ್ಟಿದ್ದೇನೆ. ಮನೆ ಬೇರೆ, ಮೈದಾನ ಬೇರೆ!”

ಲಟ್ಟಣಿಗೆ ಹಾರಿಬರುವುದೆಂದು ಬಾಗಿಲ ಹತ್ತಿರವೇ ನಿಂತಿದ್ದೆ. ಅವಳು ನಕ್ಕಳು. ಅದು ಇನ್ನೂ ಭಯಂಕರವಾಗಿತ್ತು.

“ಸರಿ ಮ್ಯಾನೇಜರ್ ಸಾಹೇಬ್ರೇ. ನಾನು ರಾತ್ರಿ ಕೆಲಸಕ್ಕೆ ಯಾವತ್ತಿಂದ ಹೋಗ್ಬೇಕು?”

“ರಾತ್ರಿ ಕೆಲಸಾನಾ? ನೀನ್ಯಾಕೆ?”

“ತಂಡ ಬದಲಾದ್ರೆ ಪಾಳೀನೂ ಬದಲಾಗತ್ತೆ. ಕಾರ್ಖಾನೆ ಬೆಕ್ಕಿಗೂ ಗೊತ್ತು!”

ನನಗೂ ಗೊತ್ತಿತ್ತು. ಬಿರುಗಾಳಿಯ ಧೂಳಿನಲ್ಲಿ ಮರೆತುಹೋಗಿತ್ತು.

ಅಂದಿನಿಂದ ನಮ್ಮ ಸಂಸಾರ ಕಾರ್ಖಾನೆಯ ಗೇಟಿನಲ್ಲಿ ನಡೆಯತೊಡಗಿತು. ನಾನು ಹೊರಗೆ ಬರುವವನು, ಅವಳು ಒಳಗೆ ಹೋಗುವವಳು. “ಬೀಗದ ಕೈ!” “ಸಾರು ಒಲೆ ಮೇಲಿದೆ!” “ಮಂಡಿ ಹೇಗಿದೆ?” “ಕೀಪರ್ ಮಂಡಿ ಗುಟ್ಟು, ಎದುರಾಳಿಗೆ ಹೇಳೋ ಹಾಗಿಲ್ಲ!” ಅಷ್ಟರಲ್ಲಿ ಸೈರನ್. ಮನೆಯಲ್ಲಿ ಸಾರು ಬಿಸಿ ಮಾಡಿಕೊಂಡು, ಎದುರಿನ ಖಾಲಿ ಕುರ್ಚಿಗೆ ಆ ಕ್ಲಬ್ಬಿನ ಮ್ಯಾನೇಜರನ್ನು ಬೈದು ನೋಡಿದೆ. ಕುರ್ಚಿ ತಿರುಗಿ ಒಂದು ಮಾತು ಆಡಲಿಲ್ಲ. ಬೈಗುಳಕ್ಕೂ ರುಚಿ ಇರಲಿಲ್ಲ, ಸಾರಿಗೂ.

ಪಂದ್ಯದ ದಿನ ಬಂತು. ನನ್ನ ತಂಡದಲ್ಲಿ ಎಲ್ಲರೂ ಫಾರ್ವರ್ಡುಗಳೇ! ಪ್ಯಾಡು ಕಟ್ಟಿದರೆ ಯಾರಾದರೂ ಗೋಲು ಕಾದಾರು ಎಂದುಕೊಂಡಿದ್ದೆ. ಪ್ಯಾಡು ತೋರಿಸಿದ ಕೂಡಲೇ ಒಬ್ಬೊಬ್ಬರಿಗೂ ಒಂದೊಂದು ಕಡೆ ಸ್ನಾಯು ಹಿಡಿಯಿತು. ಕೊನೆಗೆ ಆ ಪ್ಯಾಡಿನೊಳಗೆ ಹೊಕ್ಕವನು ಸಾಕ್ಷಾತ್ ಮ್ಯಾನೇಜರು. ಮುಂದಿನದನ್ನು ಏನು ಹೇಳಲಿ! ಹಲಗೆಯ ಮೇಲೆ ಗೋಲು ಬರೆಯುತ್ತಿದ್ದವನು ಇನ್ನೊಂದು ಸೀಮೆಸುಣ್ಣ ತರಿಸಿಕೊಂಡ. ಆ ತುದಿಯಲ್ಲಿ ಬಿರುಗಾಳಿ ಬೀಸಿ ಬೀಸಿ ಸುಸ್ತಾದ. ನನ್ನವಳು ಬಿರುಕು ಬಾಟಲಿಯನ್ನು ಎತ್ತಿಹಾಕುವಷ್ಟೇ ನಿರಾಳವಾಗಿ ಅವನ ಹೊಡೆತಗಳನ್ನೆಲ್ಲ ಆಚೆ ತಳ್ಳಿದಳು.

ಆಟ ಮುಗಿದದ್ದೇ ತಡ, ಮುಂದಿನ ಪಂದ್ಯದ ಅದಲುಬದಲಿಗಾಗಿ ಮೇಸ್ತ್ರಿಯ ಬಳಿಗೆ ಓಡಿದೆ.

“ಬಿರುಗಾಳೀನ ವಾಪಸ್ ತಗೊಳ್ಳಿ. ಬೇಕಾದ್ರೆ ಇನ್ನಿಬ್ಬರನ್ನ ಸೇರಿಸ್ತೀನಿ. ಅವಳನ್ನ ಕೊಡಿ!”

“ಇಂಥ ಕೀಪರನ್ನ ಕೊಡೋಕೆ ನಾನೇನು ನೀವಾ?”

“ಕೀಪರನ್ನ ನೀವೇ ಇಟ್ಕೊಳ್ಳಿ ಸ್ವಾಮಿ, ಹೆಂಡ್ತೀನ ಕೊಡಿ! ಮನೇಲಿ ಮಾತಿಗೆ ಒಂದು ಜೀವ ಇಲ್ಲ...”

ಅವಳು ಗ್ಲೌಸು ಕಳಚುತ್ತ ಹತ್ತಿರ ಬಂದಳು. “ಹಾಗಾದ್ರೆ ಇವರನ್ನೇ ನಮ್ಮ ಪಾಳಿಗೆ ತಗೊಳ್ಳಿ ಮೇಸ್ತ್ರೀ.”

ನನ್ನ ಎದೆ ಉಬ್ಬಿತು. ಮೇಸ್ತ್ರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಇವರ ಆಟ ನೋಡಿದೆನಲ್ಲಮ್ಮ.”

“ಆಡೋದು ಬೇಡ. ನೀರು ಕೊಡ್ತಾರೆ.”

“ಬರೀ ಇವರನ್ನಾದ್ರೆ ಬೇಡ. ಜೊತೆಗೆ ಬಿರುಗಾಳೀನ ಕೊಟ್ರೆ ಯೋಚನೆ ಮಾಡ್ತೀನಿ.”

ಅಂಥ ಆಟಗಾರನನ್ನು ಬಿಟ್ಟುಕೊಡಲು ನನ್ನ ತಂಡ ಸುತರಾಂ ಒಪ್ಪುವುದಿಲ್ಲವೆಂದು ಕಳವಳದಿಂದ ಹಿಂತಿರುಗಿ ನೋಡಿದೆ. ಬಿರುಗಾಳಿ ಆಗಲೇ ಚೀಲ ಹೆಗಲಿಗೇರಿಸಿದ್ದ. ಉಳಿದವರು ಒಕ್ಕೊರಲಿನಿಂದ ಕೂಗಿದರು: “ಇವರನ್ನ ಕರ್ಕೊಂಡು ಹೋಗೋಕೆ ಇನ್ನೊಬ್ಬ ಬೇಕಾ ಮೇಸ್ತ್ರೀ? ಕೇಳಿ, ಕೊಟ್ಬಿಡ್ತೀವಿ!”

ಹೆಂಡತಿ ನನ್ನ ಮೊಣಕೈ ಹಿಡಿದೆಳೆದಳು. “ಬೇಗ ರುಜು ಹಾಕ್ರೀ, ಮೇಸ್ತ್ರಿ ಮನಸ್ಸು ಬದಲಾಯಿಸೋದ್ರೊಳಗೆ!”