ಹೆಸರು ಕೊರೆಸಿದ ಡಬ್ಬಿ

ಹಬ್ಬದ ದಿನದ ಹೊಟ್ಟೆಕಿಚ್ಚನ್ನು ಊರಿಗೆಲ್ಲ ಹೇಳುವುದು ಒಳ್ಳೆಯವರ ಲಕ್ಷಣವಲ್ಲ. ಓದುವವರು ಕ್ಷಮಿಸಬೇಕು. ಆದರೆ ಗಜೇಂದ್ರಗಡದ ನಿರ್ಮಲಾಳಿಗೆ ಎಳ್ಳಮಾವಾಸ್ಯೆಯ ದಿನ ಆದದ್ದನ್ನು ನುಂಗಿಕೊಂಡು ಕೂಡುವುದೂ ಕಷ್ಟ.

ಎಲ್ಲಕ್ಕೂ ಮೂಲ ಬದನೆಕಾಯಿ. ನಿರ್ಮಲಾ ಸೊಸೆಯಾಗಿ ಬಂದಾಗಿನಿಂದ, ಈ ಹಬ್ಬಕ್ಕೆ ಭೂಮಿತಾಯಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗೆಲ್ಲ, ಮಾವ ಅಂದಾನೆಪ್ಪನವರು ಊಟ ಮುಗಿಸಿ ಬೆರಳು ನೆಕ್ಕುತ್ತ ಒಂದೇ ಮಾತು ಹೇಳುತ್ತಿದ್ದರು: "ಎಣ್ಣಿಗಾಯಿ ಅಂದ್ರ ನಮ್ಮ ಸುಶೀಲವ್ವಂದ ನೋಡ್ರಿ." ಸುಶೀಲವ್ವ ಪಕ್ಕದ ಮನೆಯವಳು. ಹೊಲವೂ ಪಕ್ಕದ್ದೇ ಆದ್ದರಿಂದ ಎರಡೂ ಮನೆಯವರು ಒಂದೇ ಬನ್ನಿಗಿಡದ ಕೆಳಗೆ ಉಣ್ಣುತ್ತಿದ್ದರು. ಆ ಮಾತು ಕಿವಿಗೆ ಬಿದ್ದೊಡನೆ ನಿರ್ಮಲಾಳ ಬಾಯೊಳಗಿನ ಕರಿಗಡಬು ಬೇವಿನ ಸೊಪ್ಪಾಗುತ್ತಿತ್ತು. ಒಂದೇ ಒಂದು ಸಲ ಮಾವ ಆ ಮಾತನ್ನು ತನಗೆ ಹೇಳಬೇಕು, ಅಷ್ಟೇ ಅವಳ ಆಸೆ.

ಈ ವರ್ಷ ಉಪಾಯ ಹೂಡಿ ಸುಶೀಲವ್ವನ ಮನೆಗೆ ಹೋದಳು.

"ಅಕ್ಕಾರ, ಈ ಸಲ ಯಾರೂ ಒದ್ದಾಡೂದ ಬ್ಯಾಡ್ರಿ. ಈಗ ಸಿಗೂ ಕಾಯಿಪಲ್ಲೆ ಏನದಾವಲ್ಲ, ಅದರಾಗ ಆರಾಮ ಅಡಗಿ ಮಾಡೂಣು. ರೊಟ್ಟಿ, ಪುಂಡಿಪಲ್ಲೆ ನಮ್ಮತ್ತಿ ಮಾಡ್ತಾರ. ಎಣ್ಣಿಗಾಯಿ ನನಗಿರ್ಲಿ. ನೀವು ಮೊಸರನ್ನ ತಂದ್ರ ಸಾಕು."

"ಬರೇ ಮೊಸರನ್ನನ?"

"ಹೌದ್ರಿ. ನಿಮಗೂ ವಯಸ್ಸಾತಲ್ರಿ."

"ಏ ಹುಡುಗಿ, ಇನ್ನೂ ಮಗಳ ಲಗ್ನ ಮಾಡಿಲ್ಲ, ಆಗ್ಲೇ ಮುದುಕಿ ಮಾಡಿದೆಲ್ಲ ನನ್ನ!" ಸುಶೀಲವ್ವ ನಕ್ಕು ಒಪ್ಪಿಕೊಂಡಳು.

ಆರಾಮದ ಅಡುಗೆ ಹಿಂದಿನ ಸಂಜೆಯೇ ಸಂತೆಯಲ್ಲಿ ಶುರುವಾಯಿತು. ನಿರ್ಮಲಾ ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ, ಒತ್ತಿ, ಬೆಳಕಿಗೆ ಹಿಡಿದು ನೋಡಿದಳು. ಕಾಯಿಪಲ್ಲೆ ಮಾರುವ ಲಾಲಬಿಗೆ ಸಾಕಾಯಿತು. "ಯವ್ವಾ, ಬದನಿಕಾಯಿ ಒಯ್ಯಾಕ ಬಂದೀಯೋ, ಕನ್ಯೆ ನೋಡಾಕ ಬಂದೀಯೋ?"

ಮರುದಿನ ಕೋಳಿ ಕೂಗುವ ಮೊದಲೇ ಎದ್ದು ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಹುರಿದಳು. ಮೊದಲ ಸಲ ಎಳ್ಳು ಸೀದುಹೋಯಿತು. ಎರಡನೆಯ ಸಲ ಮಿಕ್ಸಿ ಕೆಟ್ಟು, ಒರಳಿನಲ್ಲಿ ಕುಟ್ಟಬೇಕಾಯಿತು. ಗಂಡ ಅಮರೇಶ ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದ.

"ಆರಾಮ ಹಬ್ಬ ಅಂದಿದ್ದಿ. ಓಣಿಯೆಲ್ಲ ಕೆಮ್ಮಾಕತ್ತೈತಿ."

"ಆರಾಮ ಸುಮ್ನ ಬರ್ತೈತೇನ್ರಿ? ಅದಕ್ಕೂ ಒದ್ದಾಡ್ಬೇಕು!"

ಅವನು ಒಂದು ಕಾಯಿಗೆ ಕೈ ಹಾಕಿದ. ನಿರ್ಮಲಾ ಪಟ್ಟನೆ ಹೊಡೆದಳು. "ದೇವರಿಗೆ ಎಡಿ ಆಗೂತನ ಎಂಜಲ ಮಾಡಬ್ಯಾಡ್ರಿ!" ಹಾಗಾಗಿ ಅದರ ರುಚಿ ಯಾರಿಗೂ ಗೊತ್ತಾಗಲಿಲ್ಲ.

ಟ್ರ್ಯಾಕ್ಟರ್ ಹತ್ತುವಾಗ ಸುಶೀಲವ್ವನ ಬುಟ್ಟಿಯಲ್ಲಿ ಮೊಸರನ್ನದ ಬೋಗುಣಿಯ ಜೊತೆ, ಮುಚ್ಚಳದ ಮೇಲೆ ಅವಳ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಯೂ ಇತ್ತು.

"ಅದರಾಗೇನೈತ್ರಿ ಅಕ್ಕಾರ?"

"ಏನಿಲ್ಲ ತಗೋ, ಮನ್ಯಾಗ ನಾಕ ಬದನಿಕಾಯಿ ಬಿದ್ದಿದ್ದುವು. ಹಂಗ ಒಂದೀಟ ಎಣ್ಣಿಗಾಯಿ ಮಾಡ್ದೆ."

ಹಂಗ! ಒಂದೀಟ! ಹೊಲದ ದಾರಿಯುದ್ದಕ್ಕೂ ನಿರ್ಮಲಾ ಆ ಡಬ್ಬಿಯ ಮೇಲಿನ ಕಣ್ಣು ತೆಗೆಯಲಿಲ್ಲ.

ಹೊಲದಲ್ಲಿ ಗಂಡಸರು ಬನ್ನಿಗಿಡದ ಬುಡದಲ್ಲಿ ಪೂಜೆಗೆ ಐದು ಕಲ್ಲಿಟ್ಟು ಸುಣ್ಣ ಬಳಿಯುತ್ತಿದ್ದರು. ಸುಶೀಲವ್ವ ಮತ್ತು ಅತ್ತೆ ಬಾಳವ್ವ ಹಸಿಕಡಲೆ ಕೀಳಲು ಹೋದರು. ಭೂಮಿತಾಯಿಗೆ ಚೆಲ್ಲುವ ಚರಗಕ್ಕೆ ಎಲ್ಲ ಅಡುಗೆಯನ್ನೂ ಒಂದಿಷ್ಟು ಬೆರೆಸಿಡುವ ಕೆಲಸ ನಿರ್ಮಲಾಳ ಪಾಲಿಗೆ ಬಂತು. ಆಕೆ ಆಚೀಚೆ ನೋಡಿ ಸುಶೀಲವ್ವನ ಡಬ್ಬಿಯನ್ನು ಚರಗದ ಬಕೆಟ್ಟಿಗೆ ಪೂರಾ ಬಗ್ಗಿಸಿಬಿಟ್ಟಳು.

ಬಗ್ಗಿಸಿದ ಮೇಲೆ ಹೊಳೆಯಿತು: ಖಾಲಿ ಡಬ್ಬಿ ಕಂಡರೆ ಸುಶೀಲವ್ವ ಕೇಳುವುದಿಲ್ಲವೇ? ಗಡಬಡಿಸಿ ತನ್ನ ಎಣ್ಣಿಗಾಯಿಯ ಅರ್ಧವನ್ನು ಅದಕ್ಕೆ ತುಂಬಿ ಮುಚ್ಚಿದಳು. ಆಮೇಲೆ ಸಮಾಧಾನವಾಯಿತು. ಇನ್ನು ಯಾವ ಡಬ್ಬಿಯದನ್ನು ತಿಂದರೂ ತನ್ನದೇ!

ಚರಗದ ಬಕೆಟ್ ಹೊತ್ತ ಅಮರೇಶ ಬೆರಗಾದ. "ಇದರಾಗ ಬರೇ ಬದನಿಕಾಯೇ ಐತೆಲ್ಲ!"

"ಭೂಮಿತಾಯಿಗೆ ಕಡಿಮಿ ಮಾಡ್ಬಾರ್ದ್ರಿ. ಸುಮ್ನ ಚೆಲ್ರಿ."

ಅವನು "ಹುಲ್ಲುಲಿಗ್ಯೋ" ಎಂದು ಚರಗದ ಕೂಗು ಹಾಕುತ್ತ, ಸುಶೀಲವ್ವನ ಕೈರುಚಿಯನ್ನೆಲ್ಲ ಜೋಳದ ಸಾಲಿಗೆ ಚೆಲ್ಲಿ ಬಂದ.

ಊಟಕ್ಕೆ ಕುಳಿತರು. ಅಂದಾನೆಪ್ಪನವರು ಮೊದಲು ಸೊಸೆಯ ಡಬ್ಬಿಯಿಂದ ಒಂದು ಕಾಯಿ ಹಾಕಿಸಿಕೊಂಡು ರೊಟ್ಟಿಗೆ ಹಚ್ಚಿ ತಿಂದರು. ನಿರ್ಮಲಾ ಅವರ ಮುಖವನ್ನೇ ನೋಡಿದಳು.

"ಅಡ್ಡಿಯಿಲ್ಲ," ಎಂದರು ಮಾವ. "ಉಪ್ಪ ಒಂದೀಟ ಮುಂದಾಗೈತಿ. ಎಳ್ಳೂ ಸೀದಂಗ ಕಾಣ್ತೈತಿ."

ಆಮೇಲೆ ಸುಶೀಲವ್ವನ ಡಬ್ಬಿ ತೆಗೆಸಿದರು. ಒಂದು ತುತ್ತು ತಿಂದು ಕಣ್ಣು ಮುಚ್ಚಿದರು. "ಆಹಾ! ಇದು ನೋಡ್ರಿ ಎಣ್ಣಿಗಾಯಿ! ಉಪ್ಪ ಹದಾ, ಎಳ್ಳ ಹದಾ. ಬಾಯಾಗಿಟ್ರ ಕರಗತೈತಿ."

"ಖರೇ ಅಪ್ಪಾ," ಎಂದ ಅಮರೇಶ ಮೂರನೆಯ ಕಾಯಿ ಬಾಯಿಗಿಡುತ್ತ. "ಅದಕ್ಕೂ ಇದಕ್ಕೂ ಭಾಳ ಫರಕ್ ಐತಿ."

ಬಾಳವ್ವನೂ ಸುಮ್ಮನಿರಲಿಲ್ಲ. "ನಿರ್ಮಲಾ, ನಾಳಿಂದ ಒಂದ ನಾಕ ದಿನ ಸುಶೀಲವ್ವನ ಮನಿಗೆ ಹೋಗಿ ಕಲ್ತ ಬಾ."

'ಅದೂ ನಂದೇ!' ಎಂಬ ಮಾತು ನಿರ್ಮಲಾಳ ಗಂಟಲತನಕ ಬಂತು. ಆದರೆ ಹಾಗೆ ಹೇಳಿದರೆ ಸುಶೀಲವ್ವನದು ಎಲ್ಲಿ ಹೋಯಿತೆಂದೂ ಹೇಳಬೇಕಿತ್ತು. "ಹ್ಞೂಂ ರೀ ಅತ್ತಿ," ಎಂದಳು.

ಆಗ ಸುಶೀಲವ್ವ ತನ್ನ ಡಬ್ಬಿಯ ಕಾಯಿಯನ್ನು ಬಾಯಿಗಿಟ್ಟಳು. ಅಗಿಯುವುದು ಒಂದು ಕ್ಷಣ ನಿಂತಿತು. ನಿರ್ಮಲಾಳ ಕಡೆ ನೋಡಿದಳು. ಆಮೇಲೆ ಅಂದಾನೆಪ್ಪನವರ ಕಡೆ ತಿರುಗಿ, "ಏನಿಲ್ರಿ ಕಾಕಾ, ಈ ಸಲ ಎಳ್ಳ ಜರಾ ಹೆಚ್ಚ ಹುರದಿದ್ದೆ. ಅದಕ್ಕ ರುಚಿ ಬಂದೈತಿ," ಎಂದಳು.

ಗೊತ್ತಾಗಿಯೇ ಹಾಗೆಂದಳೋ, ತನ್ನದೇ ಎಂದು ನಿಜವಾಗಿ ನಂಬಿದಳೋ, ಹೇಳಲು ಬರುವುದಿಲ್ಲ. ಮರುದಿನದಿಂದ ನಿರ್ಮಲಾ ಅವಳ ಮನೆಗೆ ಎಣ್ಣಿಗಾಯಿ ಕಲಿಯಲು ಹೋಗುತ್ತಿದ್ದಾಳೆ, ಆದರೆ ಅದನ್ನು ಮಾತ್ರ ಈವರೆಗೆ ಕೇಳಿಲ್ಲ.